ತಜ್ಞರ ವರದಿ ಕಡತ ಸೇರಿದ ಮೇಲೆ ಏನಾಗುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ಕಾರಿ ಸಮಿತಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಟಿಪ್ಪಣಿಯನ್ನು ಓದಿ ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಹಲವರು ಪತ್ರ ಬರೆದಿದ್ದಾರೆ. ಸಂಶೋಧಕರು, ತಜ್ಞರು ಹೇಳಿದ್ದಕ್ಕೆ ಅಧಿಕಾರಿಗಳು ಎಷ್ಟರಮಟ್ಟಿಗೆ ಕಿವಿಗೊಡುತ್ತಾರೆ ಎಂಬುದೇ ಬಹುತೇಕ ಪತ್ರಗಳ ತಿರುಳಾಗಿರುವುದರಿಂದ ಈ ಬಾರಿಯ ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಜಮೀನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮೇಲ್ಭಾಗದಲ್ಲಿ ಎಲ್ಲೆಡೆ ಭತ್ತ ನಾಟಿ ಮಾಡುವುದರಿಂದ ನಮಗೆ ನೀರು ತಲುಪುತ್ತಿಲ್ಲ, ಅವರ ಭೂಮಿಯೂ ಸವಳು-ಜವಳಾಗುತ್ತಿದೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಅಧಿಕಾರಿಗಳಿಗೆ ಇದು ಗೊತ್ತಿಲ್ಲವೆ? ಗೊತ್ತಿದ್ದರೆ ತೀರ್ಮಾನ ಏಕೆ ಆಗುವುದಿಲ್ಲ?
(ರೈತರೊಬ್ಬರು, ಸಿರವಾರ)

ಉತ್ತರ: ಗೊತ್ತಿದೆ. ಎಡದಂಡೆ ಕಾಲುವೆಯನ್ನು ರೂಪಿಸಿದ್ದೇ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಿನ ಬೆಳೆಗಳ ಲೆಕ್ಕದಲ್ಲಿ. ಭತ್ತಕ್ಕೆಂದು ಗುರುತಿಸಿದ್ದ ಪ್ರದೇಶ ಸೀಮಿತವಾಗಿತ್ತು. ಬೆಳೆ ಉಲ್ಲಂಘನೆಯ ಪ್ರಸ್ತಾಪ ನೀರಾವರಿ ಇಲಾಖೆಯ ದಾಖಲೆಗಳಲ್ಲಿ ದಶಕಗಳಿಂದ ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಸವಳು ಭೂಮಿಯ ಬಗ್ಗೆ ದೀರ್ಘಕಾಲದಿಂದ ಅಧ್ಯಯನ ನಡೆಸುತ್ತ ಬಂದಿದೆ. ಆದ್ದರಿಂದ ತಮ್ಮ ಪ್ರಶ್ನೆಯ ಎರಡನೆಯ ಭಾಗವನ್ನೇ ವಿವರವಾಗಿ ನೋಡಬೇಕು.

ಮುನಿರಾಬಾದಿನಲ್ಲಿ ನಡೆಯುವ ನೀರಾವರಿ ಸಲಹಾ ಸಮಿತಿ ಸಭೆಯನ್ನು, ಅಂದರೆ ನಾವೆಲ್ಲ ಐಸಿಸಿ ಸಭೆ ಎನ್ನುವುದನ್ನು, ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿ ಸದಸ್ಯರ ಮುಂದೆ ಬರುವ ಹಾಳೆಯಲ್ಲಿ ಜಲಾಶಯದ ಅಂದಿನ ಸಂಗ್ರಹ, ಒಳಹರಿವು, ಆವಿಯಾಗಿ ಹೋಗುವ ನೀರು, ಆಂಧ್ರ ಮತ್ತು ತೆಲಂಗಾಣದ ಪಾಲು, ಕುಡಿಯುವ ನೀರಿಗೆ ತೆಗೆದಿರಿಸಬೇಕಾದ ಪ್ರಮಾಣ, ಉಳಿದದ್ದರಲ್ಲಿ ಯಾವ ಕಾಲುವೆಗೆ ಎಷ್ಟು ಕ್ಯುಸೆಕ್ ನೀರನ್ನು ಎಷ್ಟು ದಿನ ಬಿಡಬಹುದು ಎಂಬ ಲೆಕ್ಕ ಇರುತ್ತದೆ. ಈ ಲೆಕ್ಕವೂ ತಜ್ಞರ ಸಲಹೆಯೇ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ ಎಂಬ ಸಮೀಕ್ಷೆಯ ಅಂಕಿಯೂ ಅದರಲ್ಲಿ ಕೂಡಿಕೊಂಡಿರುತ್ತದೆ. ಸಭೆ ಅದನ್ನು ತಕರಾರಿಲ್ಲದೆ ಬಳಸಿಕೊಳ್ಳುತ್ತದೆ. ಏಕೆಂದರೆ ನೀರು ಬಿಡುವ ದಿನಾಂಕವನ್ನು ಅಂದೇ ಗೊತ್ತುಮಾಡಬೇಕು, ಆ ಅಂಕಿಗಳಿಲ್ಲದೆ ಗೊತ್ತುಮಾಡಲಾಗದು, ಮತ್ತು ಆ ತೀರ್ಮಾನ ಕೈಗೊಳ್ಳುವ ಅಧಿಕಾರ ಆ ಸಭೆಗೇ ಇದೆ.

ಯಾವ ಬೆಳೆ ಬೆಳೆಯಬೇಕು ಎಂಬ ಸಲಹೆಯ ಸ್ಥಿತಿ ಹಾಗಿಲ್ಲ. ನೀರು ಒಂದು ಇಲಾಖೆಯದು, ಬೆಳೆ ಇನ್ನೊಂದರದು, ಬೆಂಬಲ ಬೆಲೆ ಕೇಂದ್ರದ್ದು, ಖರೀದಿ ಮತ್ತೊಂದು ಇಲಾಖೆಯದು. ಭತ್ತ ಕೈಬಿಡಿ ಎಂದು ವಿಜ್ಞಾನಿ ಬರೆದ ಶಿಫಾರಸು ಈ ನಾಲ್ಕರಲ್ಲಿ ಯಾವ ಮೇಜಿಗೂ ಪೂರ್ತಿಯಾಗಿ ಸೇರಿದ್ದಲ್ಲ. ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಅಕ್ಕಿ ಗಿರಣಿಗಳು ಎದ್ದಿವೆ, ಸಾಲ ಕೊಡುವವರು, ಕೊಳ್ಳುವವರು, ಕೂಲಿಗೆ ಬರುವವರು ಎಲ್ಲರೂ ಭತ್ತದ ಸುತ್ತ ನೆಲೆಯಾಗಿದ್ದಾರೆ. ಜೋಳ ಬೆಳೆದರೆ ಕೊಳ್ಳುವವರು ಯಾರು, ಯಾವ ದರಕ್ಕೆ ಎಂಬುದಕ್ಕೆ ಉತ್ತರವಿಲ್ಲದ ಶಿಫಾರಸನ್ನು ಜಾರಿಗೆ ತರುವ ಧೈರ್ಯ ಯಾವ ಅಧಿಕಾರಿಗೂ ಬರುವುದು ಕಷ್ಟ. ಇದನ್ನು ಅಧಿಕಾರಿಗಳ ಪರವಾಗಿ ಹೇಳುತ್ತಿಲ್ಲ. ಸಲಹೆ ಎಲ್ಲಿ ಕಾಲು ಮುರಿದುಕೊಂಡು ಬೀಳುತ್ತದೆ ಎಂಬುದು ತಮಗೆ ಸ್ಪಷ್ಟವಾಗಿದ್ದರೆ ಎಲ್ಲಿ ಒತ್ತಡ ಹಾಕಬೇಕು ಎಂಬುದೂ ತಿಳಿಯುತ್ತದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ಕಚೇರಿಯೊಳಗೆ ಇದು ಹೇಗೆ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಜಿಲ್ಲಾ ಮಟ್ಟದ ಯೋಜನಾ ಶಾಖೆಯಲ್ಲಿ ಕೆಲಸ ಮಾಡಿದ ಅವಧಿಯಲ್ಲಿ ಇಂತಹ ಎಷ್ಟೋ ಕಡತಗಳು ನನ್ನ ಕೈದಾಟಿ ಹೋಗಿವೆ. ಸಂಶೋಧನಾ ಸಂಸ್ಥೆಯಿಂದ ನೂರಾರು ಪುಟಗಳ ವರದಿ ಬರುತ್ತದೆ. ವಿಷಯ ನಿರ್ವಾಹಕರು ಅದನ್ನು ಕಡತಕ್ಕೆ ಟ್ಯಾಗ್ ಹಾಕಿ ಸೇರಿಸಿ, ಟಿಪ್ಪಣಿ ಹಾಳೆಯಲ್ಲಿ ‘ವರದಿ ಸ್ವೀಕೃತವಾಗಿದೆ, ಮಾಹಿತಿಗಾಗಿ ಮಂಡಿಸಿದೆ’ ಎಂದು ಬರೆಯುತ್ತಾರೆ. ಮೇಲಿನವರು ‘ನೋಡಿದೆ’ ಎಂದು ಸಹಿ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು. ಅದೇ ಟಿಪ್ಪಣಿ ‘ಶಿಫಾರಸು 3ರ ಮೇಲೆ ತೀರ್ಮಾನಕ್ಕಾಗಿ ಮಂಡಿಸಿದೆ’ ಎಂದಿದ್ದರೆ ಮೇಲಿನವರು ಒಪ್ಪಲೇಬೇಕು, ಇಲ್ಲವೆ ಒಪ್ಪದಿರಲು ಕಾರಣ ಬರೆಯಲೇಬೇಕು. ತಜ್ಞರು ಹೇಳಿದ್ದನ್ನೆಲ್ಲ ಸರ್ಕಾರ ಒಪ್ಪಬೇಕೆಂಬ ನಿಯಮವೇನೂ ಇಲ್ಲ, ಇರಲೂಬಾರದು. ಜನರಿಗೆ ಉತ್ತರ ಹೇಳಬೇಕಾದವರು ಆಯ್ಕೆಯಾಗಿ ಬಂದವರೇ ಹೊರತು ತಜ್ಞರಲ್ಲ. ಆದರೆ ಒಪ್ಪದಿದ್ದಾಗ ಕಾರಣವನ್ನು ಬರೆದಿಡಬೇಕು. ನಮ್ಮ ಆಡಳಿತದಲ್ಲಿ ಅತಿ ಹೆಚ್ಚು ಕಾಡುವ ಕೊರತೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಭತ್ತ ಬಿಡಿ ಎಂಬ ಸಲಹೆ ನಿಂತ ನೀರಾದರೂ, ಕೆಸರುಗದ್ದೆ ಮಾಡಿ ನಾಟಿ ಹಚ್ಚುವ ಬದಲು ಕೂರಿಗೆಯಿಂದ ನೇರವಾಗಿ ಬಿತ್ತಿ ಎಂಬ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಲಹೆಯನ್ನು ಅಚ್ಚುಕಟ್ಟಿನ ಅನೇಕ ರೈತರು ಯಾವ ಆದೇಶಕ್ಕೂ ಕಾಯದೆ ಅಳವಡಿಸಿಕೊಂಡರು. ಕಾಲುವೆಗೆ ನೀರು ತಡವಾಗಿ ಬಂದರೂ ಬಿತ್ತನೆ ನಿಲ್ಲುವುದಿಲ್ಲ, ನಾಟಿಯ ಕೂಲಿ ಉಳಿಯುತ್ತದೆ, ನೀರೂ ಕಡಿಮೆ ಸಾಕು. ರೈತನ ಲೆಕ್ಕಕ್ಕೆ ಹೊಂದುವ ಸಂಶೋಧನೆಗೆ ಸರ್ಕಾರದ ಅನುಮೋದನೆಯ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ.

ತಾವು ಮಾಡಬಹುದಾದ ಕೆಲಸವೂ ಇದೆ. ಕಾಲುವೆಯ ಮೈಲ್ 69 ಮತ್ತು ಮೈಲ್ 104ರಲ್ಲಿ ಹಿಂದಿನ ಹಂಗಾಮಿನ ಪ್ರತಿದಿನದ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿತ್ತು ಎಂಬ ಪಟ್ಟಿಯನ್ನು ಐಸಿಸಿ ಸಭೆಯ ಮುಂದಿಡುವಂತೆ ತಮ್ಮ ಶಾಸಕರ ಮೂಲಕ ಮೊದಲೇ ಪತ್ರ ಕೊಡಿ. ಕಾಲುವೆ ಮೇಲ್ಭಾಗದ ಬೆಳೆ ವಿವರದ ಬಗ್ಗೆ ಸಂಶೋಧನಾ ಕೇಂದ್ರದ ಲಿಖಿತ ಅಭಿಪ್ರಾಯ ಪಡೆಯುವಂತೆಯೂ, ಅದರ ಮೇಲೆ ಆದ ಚರ್ಚೆಯನ್ನು ಸಭಾ ನಡವಳಿಯಲ್ಲಿ ದಾಖಲಿಸುವಂತೆಯೂ ಅದೇ ಪತ್ರದಲ್ಲಿ ಕೇಳಿ. ಕೊನೆ ಭಾಗಕ್ಕೆ ನೀರು ಬಂದಿಲ್ಲ ಎಂಬ ಘೋಷಣೆಗೆ ಭರವಸೆಯೊಂದೇ ಉತ್ತರವಾಗಿ ಸಿಗುತ್ತದೆ. ಗೇಜ್ ಪಟ್ಟಿಯನ್ನು ಮುಂದಿಟ್ಟರೆ ಎಂಜಿನಿಯರರು ಅಂಕಿಯಿಂದಲೇ ಉತ್ತರಿಸಬೇಕಾಗುತ್ತದೆ.

ಪ್ರಶ್ನೆ: ಶಾಲೆಯಲ್ಲಿ ಮೊಟ್ಟೆ ಕೊಡುವ ತೀರ್ಮಾನ ಅಧ್ಯಯನದ ಆಧಾರದ ಮೇಲೆ ಆಯಿತು ಎನ್ನುತ್ತಾರೆ. ಅದು ನಿಜವೆ, ಅಥವಾ ಮೊದಲೇ ತೀರ್ಮಾನಿಸಿ ಆಮೇಲೆ ಅಧ್ಯಯನ ಮಾಡಿಸಿದರೆ?
(ಶಿಕ್ಷಕಿ, ಯಲಬುರ್ಗಾ ತಾಲ್ಲೂಕು)

ಉತ್ತರ: ಎರಡೂ ಬೆರೆತಿವೆ, ಹಾಗೆ ಬೆರೆತಿರುವುದರಲ್ಲಿ ತಪ್ಪೇನೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಒಂದರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡುವುದು ಆರಂಭವಾಯಿತು. ತಮ್ಮ ಕೊಪ್ಪಳವೂ, ರಾಯಚೂರು-ಬಳ್ಳಾರಿಗಳೂ ಆ ಪಟ್ಟಿಯಲ್ಲಿದ್ದವು. ಈ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು ಎಂದು ಸಮೀಕ್ಷೆಗಳು ತೋರಿಸಿದ್ದರಿಂದ ಜಿಲ್ಲೆಗಳ ಆಯ್ಕೆಯೇ ಅಂಕಿ-ಅಂಶಗಳ ಮೇಲೆ ನಿಂತಿತ್ತು. ಕೆಲವು ಮಠಾಧೀಶರ ವಿರೋಧವೂ ಕೇಳಿಬಂತು.

ಇದರ ಪರಿಣಾಮ ತಿಳಿಯಲು ಗದಗಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ತೂಗಿ ನೋಡಿ ಹೋಲಿಸಿತು. ಎಂಟನೇ ತರಗತಿಯ ಬಾಲಕಿಯರಲ್ಲಿ ತೂಕದ ಏರಿಕೆ ಗದಗಿಗಿಂತ ಯಾದಗಿರಿಯಲ್ಲಿ ಶೇ 71ರವರೆಗೆ ಹೆಚ್ಚಾಗಿತ್ತು ಎಂಬ ಫಲಿತಾಂಶ 2022ರಲ್ಲಿ ಪತ್ರಿಕೆಗಳಲ್ಲಿ ಬಂತು. ಇದನ್ನು ಅನೇಕರು ತಪ್ಪಾಗಿ ಓದಿಕೊಂಡರು. ಮಕ್ಕಳ ತೂಕವೇ ಶೇ 71ರಷ್ಟು ಹೆಚ್ಚಾಯಿತೆಂದು ಅದರ ಅರ್ಥವಲ್ಲ. ಆ ಅವಧಿಯಲ್ಲಿ ಒಂದು ಕಡೆಯ ಮಕ್ಕಳ ತೂಕ ಒಂದು ಕಿಲೋ ಏರಿದ್ದರೆ ಇನ್ನೊಂದು ಕಡೆ 1.7 ಕಿಲೋ ಏರಿತು ಎಂಬ ಬಗೆಯ ಹೋಲಿಕೆ ಅದು. ಅವಧಿ ಕೆಲವೇ ತಿಂಗಳದು, ಹೋಲಿಸಿದ್ದು ಎರಡು ಜಿಲ್ಲೆಗಳನ್ನು. ಗದಗ ಮತ್ತು ಯಾದಗಿರಿಯ ಕುಟುಂಬಗಳ ಆರ್ಥಿಕ ಸ್ಥಿತಿ, ಮನೆಯ ಊಟ ಮೊದಲೇ ಬೇರೆ ಬೇರೆ. ಹಾಗಾಗಿ ಕಟ್ಟುನಿಟ್ಟಿನ ಸಂಶೋಧಕರು ಇದನ್ನು ಅಂತಿಮ ಸಾಕ್ಷ್ಯವೆನ್ನಲಾರರು.

ಆದರೂ ಅಧಿಕಾರಿಗಳಿಗೆ ಅದು ಸಾಕಾಯಿತು, ಸಾಕಾದದ್ದು ಸರಿಯೂ ಹೌದು. ಮೊಟ್ಟೆಯಿಂದ ಮಗುವಿಗೆ ಪ್ರೋಟೀನ್ ಸಿಗುತ್ತದೆ ಎಂಬುದು ಪೌಷ್ಟಿಕಾಂಶ ವಿಜ್ಞಾನದಲ್ಲಿ ಹೊಸ ಸಂಗತಿಯಲ್ಲ. ಸರ್ಕಾರಕ್ಕೆ ಗೊತ್ತಾಗಬೇಕಿದ್ದುದು ಬೇರೆ: ಇಷ್ಟು ಶಾಲೆಗಳಿಗೆ ಮೊಟ್ಟೆ ತಲುಪಿಸಲು ಆಗುತ್ತದೆಯೆ, ಮಕ್ಕಳು ತಿನ್ನುತ್ತಾರೆಯೆ, ವಿರೋಧ ಬಂದಾಗ ಎದುರಿಗಿಡಲು ನಮ್ಮದೇ ನೆಲದ ಅಂಕಿ ಇದೆಯೆ. ಆ ಮೂರಕ್ಕೂ ಪ್ರಯೋಗ ಉತ್ತರ ಕೊಟ್ಟಿತು. 2022-23ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿ, ನಂತರ ಹತ್ತನೇ ತರಗತಿಯವರೆಗೂ ಹೋಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಸಣ್ಣದಾಗಿ ಆರಂಭಿಸಿ, ಕೊಡದ ಕಡೆಯೊಂದಿಗೆ ಹೋಲಿಸಿ, ಆಮೇಲೆ ಹಿಗ್ಗಿಸುವ ಈ ಕ್ರಮ ನಮ್ಮ ಯೋಜನೆಗಳಲ್ಲಿ ಬಹಳ ಅಪರೂಪ. ತಾವು ಶಾಲೆಯಲ್ಲಿ ಮಕ್ಕಳ ತೂಕ, ಎತ್ತರವನ್ನು ದಾಖಲಿಸುವ ಪುಸ್ತಕ ಅಂತಹ ಅಧ್ಯಯನದ ಮೂಲ ದಾಖಲೆ. ದಯವಿಟ್ಟು ಅದನ್ನು ಅಂದಾಜಿನಲ್ಲಿ ತುಂಬಲು ಯಾರಿಗೂ ಬಿಡಬೇಡಿ.

ಪ್ರಶ್ನೆ: 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಯಿತು. ಅನಾಹುತ ಆದ ಮೇಲಷ್ಟೇ ತಜ್ಞರ ಮಾತು ಕೇಳುವುದೇ?
(ವ್ಯಾಪಾರಸ್ಥರು, ಗಂಗಾವತಿ)

ಉತ್ತರ: ಅನಾಹುತವಾದಾಗ ತಜ್ಞರ ಮಾತಿಗೆ ಬರುವ ಬಲ ಉಳಿದ ದಿನಗಳಲ್ಲಿ ಇರುವುದಿಲ್ಲ ಎಂಬುದು ನಿಜ. ಆಗಸ್ಟ್ 10ರ ರಾತ್ರಿ ಗೇಟಿನ ಚೈನ್ ಲಿಂಕ್ ತುಂಡಾದ ಬಳಿಕ, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನೀರು ಹರಿಯುತ್ತಿರುವಾಗಲೇ ತಾತ್ಕಾಲಿಕ ಗೇಟನ್ನು ವಾರದೊಳಗೆ ಕೂರಿಸಲಾಯಿತು. ಆಮೇಲೆ ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದಿತು. 2025ರಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿ ಅಡಿಗೆ ಮಿತಿಗೊಳಿಸಿದ್ದು, ಗೇಟ್ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದದ್ದು ಇದೇ ಸರಣಿಯ ತೀರ್ಮಾನಗಳು. ತಜ್ಞರ ಸಲಹೆಯನ್ನು ಪಾಲಿಸುವುದಕ್ಕೂ ಬೆಲೆಯಿದೆ, ಆ ಬೆಲೆಯನ್ನು ತೆತ್ತವರು ನಮ್ಮ ರೈತರು ಮತ್ತು ಅವರನ್ನು ನಂಬಿದ ತಮ್ಮಂತಹ ವ್ಯಾಪಾರಸ್ಥರು ಎಂಬುದನ್ನು ಮರೆಯಬಾರದು. ಸುರಕ್ಷತೆಯ ಸಲಹೆ ಬಂದಾಗಲೇ ಅದರ ನಷ್ಟ ಯಾರ ಪಾಲಿಗೆ, ಪರಿಹಾರ ಹೇಗೆ ಎಂಬ ಇನ್ನೊಂದು ಪುಟವನ್ನೂ ಸೇರಿಸಿ ಕಡತ ಮಂಡಿಸುವ ಪದ್ಧತಿ ಬಂದರೆ, ಅನಾಹುತಕ್ಕೆ ಮೊದಲೇ ಅಂತಹ ಸಲಹೆಗೆ ಒಪ್ಪಿಗೆ ಸಿಗುವುದು ಸುಲಭವಾಗುತ್ತದೆ.

ಪ್ರಶ್ನೆ: ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ವರದಿ ಬಂದು ಎರಡು ದಶಕ ದಾಟಿದೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿದರು. ಸಮಿತಿಗಳು ಕಾಲ ತಳ್ಳುವ ಉಪಾಯವಲ್ಲವೆ?
(ನಿವೃತ್ತ ನೌಕರರು, ದೇವದುರ್ಗ)

ಉತ್ತರ: ಕೆಲವು ಸಮಿತಿಗಳ ಬಗ್ಗೆ ತಮ್ಮ ಸಂದೇಹ ಸರಿ. ನಂಜುಂಡಪ್ಪ ಸಮಿತಿಯನ್ನು ಆ ಸಾಲಿಗೆ ಸೇರಿಸಲಾಗದು. 2002ರಲ್ಲಿ ವರದಿ ಕೊಟ್ಟ ಆ ಸಮಿತಿ 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅಂದಿನ 175 ತಾಲ್ಲೂಕುಗಳನ್ನೂ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಹೇಳಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು, 40ನ್ನು ಅತಿ ಹಿಂದುಳಿದವೆಂದು, 35ನ್ನು ಹಿಂದುಳಿದವೆಂದು ವಿಂಗಡಿಸಿತು. ತಮ್ಮ ದೇವದುರ್ಗ ಮೊದಲ ಗುಂಪಿನಲ್ಲಿತ್ತು. ಎಂಟು ವರ್ಷಗಳಿಗೆ 31 ಸಾವಿರ ಕೋಟಿ ರೂಪಾಯಿಯ ಯೋಜನೆಯನ್ನೂ ಸೂಚಿಸಿತು.

ಈ ವರದಿ ಅಷ್ಟು ವರ್ಷ ಬದುಕಿದ್ದಕ್ಕೆ ಕಾರಣ ಅದರ ಕಳಕಳಿಯೊಂದೇ ಅಲ್ಲ. ಪ್ರತಿ ತಾಲ್ಲೂಕಿಗೂ ಒಂದು ಅಂಕಿ ಕೊಟ್ಟಿದ್ದರಿಂದ ಆರ್ಥಿಕ ಇಲಾಖೆಗೆ ಹಣ ಹಂಚಲು ಸಿದ್ಧ ಸೂತ್ರ ಸಿಕ್ಕಿತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಅದರ ಆಧಾರದಲ್ಲೇ ಬಜೆಟ್ಟಿಗೆ ಬಂತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂದು ಹೋರಾಡಿದವರ ಕೈಗೂ ಆ ಅಂಕಿಗಳು ಆಧಾರವಾದವು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಆ ಸ್ಥಾನ ಕೊಡುವ 371 (ಜೆ) ವಿಧಿ ಬಂದ ಮೇಲೆ 2013ರಲ್ಲಿ ಪ್ರಾದೇಶಿಕ ಅಭಿವೃದ್ಧಿ ಮಂಡಳಿಯೂ ರಚನೆಯಾಯಿತು. ವರದಿಯನ್ನು ಅಧಿಕಾರಿಗಳು ಬಳಸದಿದ್ದಾಗ ಜನರೇ ಬಳಸಿ ಸರ್ಕಾರದ ಬಾಗಿಲಿಗೆ ಮರಳಿ ತಂದ ಉದಾಹರಣೆ ಇದು.

ಸೂತ್ರ ಬಳಕೆಯಾದಷ್ಟು ಸುಲಭವಾಗಿ ವರದಿಯ ಉಳಿದ ಭಾಗ ಬಳಕೆಯಾಗಲಿಲ್ಲ. ಹಣ ಹಂಚುವುದು ಒಂದು ಆದೇಶದಿಂದ ಆಗುತ್ತದೆ, ಖಾಲಿ ಹುದ್ದೆಗೆ ವೈದ್ಯರನ್ನು, ಶಿಕ್ಷಕರನ್ನು ಕಳಿಸಿ ಉಳಿಸಿಕೊಳ್ಳುವುದು ಹಾಗಲ್ಲ. 2001ರ ಹಿಂದುಮುಂದಿನ ಅಂಕಿಗಳ ಮೇಲೆ ಇಂದಿಗೂ ಹಂಚಿಕೆ ಮಾಡುವುದು ಸರಿಯಲ್ಲವಾದ್ದರಿಂದ ಹೊಸ ಅಳತೆ ಅಗತ್ಯವೇ ಇತ್ತು. ತಾಲ್ಲೂಕುಗಳೇ ಒಡೆದು ಹೊಸದಾಗಿವೆ. ಹೊಸ ಸಮಿತಿಯ ಶಿಫಾರಸುಗಳ ವಿಚಾರದಲ್ಲಿ ತಾವು ಕೇಳಬೇಕಾದದ್ದು ಒಂದೇ: ಪ್ರತಿ ಶಿಫಾರಸಿನ ಮುಂದೆ ಒಪ್ಪಿದೆ, ಭಾಗಶಃ ಒಪ್ಪಿದೆ, ಒಪ್ಪಿಲ್ಲ, ಏಕೆ ಎಂದು ಬರೆದ ಕ್ರಮ ಕೈಗೊಂಡ ವರದಿ ಸದನದ ಮುಂದೆ ಬರುತ್ತದೆಯೆ?

ಪ್ರಶ್ನೆ: ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರು ಮತ್ತು ದೂಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಅದು ಗ್ರಂಥಾಲಯದ ಕಪಾಟಿನಲ್ಲಿ ಉಳಿಯದೆ ಅಧಿಕಾರಿಗಳ ಕೈಸೇರಲು ಏನು ಮಾಡಬೇಕು?
(ಸಂಶೋಧನಾ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ನಿಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆಯಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನಿಂದ ಪರಿಸರ ಅಧ್ಯಯನ ಮಾಡಿಸಿತು. ವರ್ಷಕ್ಕೆ ಎಷ್ಟು ಅದಿರು ತೆಗೆದರೆ ಈ ನೆಲ, ಈ ರಸ್ತೆಗಳು ತಾಳಿಕೊಳ್ಳಬಲ್ಲವು ಎಂಬ ಪ್ರಶ್ನೆಗೆ ಉತ್ತರವಾಗಿ ಬಳ್ಳಾರಿಗೆ 25 ದಶಲಕ್ಷ ಟನ್ನಿನ ಮಿತಿ ಬಂತು. ಆ ಮಿತಿಯನ್ನು 2017ರಲ್ಲಿ, ಮತ್ತೆ 2022ರಲ್ಲಿ ಏರಿಸಲಾಯಿತು. ಅಧ್ಯಯನ ಅಷ್ಟು ಬೇಗ ಆದೇಶವಾದದ್ದು ನ್ಯಾಯಾಲಯವೇ ಪ್ರಶ್ನೆ ಕೇಳಿದ್ದರಿಂದ. ನಿಮಗೆ ಆ ಅನುಕೂಲವಿಲ್ಲ. ಹಾಗಾಗಿ ಅಧಿಕಾರಿಗೆ ಈಗಾಗಲೇ ಇರುವ ಪ್ರಶ್ನೆ ಯಾವುದೆಂದು ನೀವೇ ಹುಡುಕಬೇಕು.

ಬಳ್ಳಾರಿಯಲ್ಲಿ ಅದು ಸುಲಭ. 2015ರ ಗಣಿ ಕಾಯ್ದೆ ತಿದ್ದುಪಡಿಯಂತೆ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನ ಕುಡಿಯುವ ನೀರು, ಆರೋಗ್ಯ, ಪರಿಸರ ಮುಂತಾದ ಆದ್ಯತಾ ವಲಯಗಳಿಗೆ ಪ್ರತಿವರ್ಷ ಕ್ರಿಯಾಯೋಜನೆ ಮಾಡಲೇಬೇಕು. ಯಾವ ಹಳ್ಳಿಗೆ ಮೊದಲು ಎಂಬುದನ್ನು ಅಲ್ಲಿನ ಅಧಿಕಾರಿಗಳು ನಿರ್ಧರಿಸಲೇಬೇಕು. ನಿಮ್ಮ ಅಧ್ಯಯನ ಜಿಲ್ಲೆಯ ಸರಾಸರಿಯನ್ನಷ್ಟೇ ಹೇಳಿದರೆ ಅವರಿಗೆ ಉಪಯೋಗವಿಲ್ಲ. ಗ್ರಾಮ ಪಂಚಾಯಿತಿವಾರು, ಸಾಧ್ಯವಾದರೆ ಕೊಳವೆಬಾವಿವಾರು ಪಟ್ಟಿ ಮಾಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಮೂಲಗಳು ಎಲ್ಲಿವೆ, ಆ ನೀರನ್ನು ಎಷ್ಟು ಮನೆಯವರು ಕುಡಿಯುತ್ತಾರೆ, ಪರ್ಯಾಯ ಮೂಲ ಎಷ್ಟು ದೂರ, ತರಲು ಖರ್ಚೆಷ್ಟು ಎಂದು ಕನ್ನಡದಲ್ಲಿ ಎರಡು ಪುಟ ಬರೆಯಿರಿ. ಮಾದರಿಯನ್ನು ಯಾವ ತಿಂಗಳು ತೆಗೆದಿರಿ, ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಮರೆಯದೆ ನಮೂದಿಸಿ. ವಿರೋಧ ಬರುವುದಾದರೆ ಮೊದಲು ಅಲ್ಲಿಂದಲೇ ಬರುತ್ತದೆ. ನಿಮ್ಮ ಫಲಿತಾಂಶ ಎಲ್ಲಿ ಖಚಿತ, ಎಲ್ಲಿ ಅನುಮಾನ ಎಂಬುದನ್ನೂ ಬಿಡಿಸಿ ಹೇಳಿ. ಎಲ್ಲವನ್ನೂ ಒಂದೇ ದನಿಯಲ್ಲಿ ಖಚಿತವೆಂದು ಬರೆದ ವರದಿಯಲ್ಲಿ ಒಂದು ತಪ್ಪು ಸಿಕ್ಕರೂ ಉಳಿದದ್ದೆಲ್ಲ ಪಕ್ಕಕ್ಕೆ ಹೋಗುತ್ತದೆ.

ಹಿರಿಯ ಅಧಿಕಾರಿಯ ಕೈಗೆ ವರದಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಗ್ರಾಮೀಣ ಕುಡಿಯುವ ನೀರು ವಿಭಾಗದ ಸಹಾಯಕ ಎಂಜಿನಿಯರ್ ಜೊತೆ ಕೂತು ನಿಮ್ಮ ಪಟ್ಟಿಯನ್ನು ಅವರ ಪಟ್ಟಿಯೊಂದಿಗೆ ಹೋಲಿಸುವುದು ಹೆಚ್ಚು ಫಲ ಕೊಡುತ್ತದೆ. ಟಿಪ್ಪಣಿ ಆರಂಭವಾಗುವುದು ಅಲ್ಲಿಂದ. ರಾಜ್ಯ ಮಟ್ಟದ ವಿಷಯವಾದರೆ ಬಜೆಟ್ ಪೂರ್ವ ಸಭೆಗಳು ನಡೆಯುವುದಕ್ಕೆ ಮೊದಲೇ ತಲುಪಿಸಿ. ಮಾರ್ಚ್‌ನಲ್ಲಿ ಬಂದ ಒಳ್ಳೆಯ ಸಲಹೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಅಧಿಕಾರಿಯೇ ವರ್ಗವಾಗಿರುತ್ತಾರೆ.

ಸಲ್ಲಿಸುವಾಗ ಸ್ವೀಕೃತಿ ಮುದ್ರೆ ಮತ್ತು ಕಡತದ ಸಂಖ್ಯೆ ಪಡೆಯಿರಿ. ಕೆಲವು ತಿಂಗಳ ನಂತರ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕೆಂದು ಅದೇ ಕಾಯ್ದೆಯ ಸೆಕ್ಷನ್ 4 ಹೇಳುತ್ತದೆ. ಆದ್ದರಿಂದ ಕಾರಣ ಕೇಳುವ ಅರ್ಜಿಯನ್ನು ನೀರಿನ ಮಾದರಿ ಕೊಟ್ಟ ಹಳ್ಳಿಯವರ ಹೆಸರಿನಲ್ಲಿ, ಅವರ ಒಪ್ಪಿಗೆ ಪಡೆದು ಹಾಕಿಸಿ, ಬಂದ ಉತ್ತರವನ್ನು ಅವರ ಗ್ರಾಮಸಭೆಯಲ್ಲಿ ಓದಿ ಹೇಳಿ.